ಹೊಟ್ಟೆಯಿಲ್ಲದ ವಾದ್ಯ

ಕಳೆದ ಎಳ್ಳಮಾವಾಸ್ಯೆಯ ಮರುದಿನ ಬಬಲೇಶ್ವರದ ಸಂತೆ ಬಯಲಿನಲ್ಲಿ ಹರದೇಶಿ–ನಾಗೇಶಿ ಗೀಗೀ ಪದಗಳ ಸವಾಲು-ಜವಾಬು ನಡೆಯಿತು. ತಿಕೋಟಾದ ಗುರವ್ವನ ಮೇಳದಲ್ಲಿ ತುಂತುಣಿ ಇರಲಿಲ್ಲ. ಅದರ ಜಾಗದಲ್ಲಿ ಎಲೆಕ್ಟ್ರಿಕ್ ಗಿಟಾರ್ ಇತ್ತು. ಬಾರಿಸಿದವನು ಗುರವ್ವ ಸಾಕಿ ಬೆಳೆಸಿದ ತಂಗಿಯ ಮಗ, ಪುಣೆಯಲ್ಲಿರುವ ರಾಕ್ ಗಿಟಾರ್ ವಾದಕ ಮಲ್ಲು.

ವಿಜಯಪುರದ ನಮ್ಮ ಪತ್ರಿಕೆಗೆ ನಾನು ಕಳಿಸಿದ ವರದಿ ಇಷ್ಟೇ. ಕೊನೆಗೆ ಫಲಿತಾಂಶದ ಒಂದು ಸಾಲು. ಯಾರು, ಏನು, ಎಲ್ಲಿ, ಯಾವಾಗ ಎಂಬುದರ ಆಚೆ ಹೋಗಬೇಡ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ನಾನು ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದೇನೆಂದರೆ, ಮನೆಯಲ್ಲಿ ಹೆಂಡತಿ ಬೀಗರು ಬಂದು ಹೋದರು ಎಂದರೂ ಯಾರು, ಯಾವಾಗ, ಎಷ್ಟು ಮಂದಿ ಎಂದೇ ಕೇಳುತ್ತೇನೆ. ಅವರಿಗೆ ಚಹಾ ಕೊಟ್ಟೆಯಾ ಎಂದು ಕೇಳಬೇಕೆನ್ನುವುದು ಅವರು ಊರು ಮುಟ್ಟಿದ ಮೇಲೆ ಹೊಳೆಯುತ್ತದೆ.

ಆದರೆ ಮೊನ್ನೆ ಅಡುಗೆಮನೆಯಲ್ಲಿ ಒಂದು ಸಣ್ಣ ವಸ್ತು ಕೈಗೆ ಸಿಕ್ಕಿತು. ಎಣ್ಣೆ ಡಬ್ಬಿಯ ಪ್ಲಾಸ್ಟಿಕ್ಕಿನಿಂದ ಕತ್ತರಿಸಿದ, ಮೂಲೆ ಸವೆದ ಮುಕ್ಕೋನದ ತುಂಡು. ನನ್ನ ಹೆಂಡತಿ ಅದರಿಂದ ಪರಾತಕ್ಕೆ ಅಂಟಿದ ಜೋಳದ ಹಿಟ್ಟು ಕೆರೆಯುತ್ತಿದ್ದಳು. ಎಲ್ಲಿ ಸಿಕ್ಕಿತು ಎಂದು ಕೇಳಿದೆ. ನಿಮ್ಮ ಹಳೇ ಪೆಟ್ಟಿಗೆಯಲ್ಲಿ ಇತ್ತು, ಬಾಳ ಚಲೋ ಕೆರೆಯುತ್ತದೆ ಎಂದಳು. ಅದು ಮಲ್ಲು ಹುಡುಗನಾಗಿದ್ದಾಗ ತಂತಿ ಮೀಟುತ್ತಿದ್ದ ತುಂಡು. ವಾಪಸು ಕೇಳುವ ಧೈರ್ಯವಾಗಲಿಲ್ಲ. ಅವಳಿಗೆ ಅದರ ಉಪಯೋಗ ನನಗಿಂತ ಹೆಚ್ಚು.

ಮಲ್ಲು ಮತ್ತು ನಾನು ತಿಕೋಟಾದ ಒಂದೇ ಓಣಿಯವರು. ಅವನ ತಾಯಿ ಅವನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದಳು. ತಂದೆ ರಸ್ತೆಯ ಬದಿಗೆ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದ. ಹುಡುಗ ಬೆಳೆದದ್ದು ದೊಡ್ಡವ್ವ ಗುರವ್ವನ ಮನೆಯಲ್ಲಿ. ನನಗೂ ಆಕೆ ದೊಡ್ಡವ್ವನೇ. ಅವರ ಮನೆಯ ರೊಟ್ಟಿ ತಿಂದವರಿಗೆಲ್ಲ ಆಕೆ ದೊಡ್ಡವ್ವ. ಹೊಲದ ಕೆಲಸ ಇದ್ದಾಗ ಹೊಲ, ಕರೆ ಬಂದಾಗ ಹಾಡು. ಕೈಯಲ್ಲಿ ಚರ್ಮ ಬಿಗಿದ ದಪ್ಪು ಹಿಡಿದು ನಿಂತರೆ ಎದುರಿನ ಮೇಳದವರು ನೀರು ಕೇಳುತ್ತಿದ್ದರು.

ಗೀಗೀ ಪದದ ಸವಾಲು ಕೇಳದ ಓದುಗರಿಗೆ ಎರಡು ಮಾತು. ಹರದೇಶಿಯವರು ಶಿವ ದೊಡ್ಡವ ಎನ್ನುತ್ತಾರೆ, ನಾಗೇಶಿಯವರು ಶಕ್ತಿ ದೊಡ್ಡವಳು ಎನ್ನುತ್ತಾರೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಈ ಜಗಳವನ್ನು ನಮ್ಮ ಕಡೆ ಮನೆಯೊಳಗೆ ಆಡದೆ ಬಯಲಿನಲ್ಲಿ ಹಾಡಿ ತೀರಿಸಿಕೊಳ್ಳುತ್ತಾರೆ. ತೀರುವುದೇನೂ ಇಲ್ಲ. ಒಬ್ಬರು ಪದದಲ್ಲಿ ಪ್ರಶ್ನೆ ಎಸೆಯಬೇಕು, ಇನ್ನೊಬ್ಬರು ಪದದಲ್ಲೇ ಉತ್ತರ ಕಟ್ಟಬೇಕು. ಮುಂದಾಳು ಸಾಲಿನ ತುದಿಗೆ ಬಂದಾಗ ಹಿಂದಿನವರು ಅದನ್ನು ಎತ್ತಿಕೊಂಡು ಮುಗಿಸುತ್ತಾರೆ. ಅವರ ನಡುವೆ ಒಂದೇ ತಂತಿಯ ತುಂತುಣಿ ಬಿಡದೆ ನುಡಿಯುತ್ತಿರುತ್ತದೆ. ನಾಗೇಶಿ ಕಡೆಯ ಗುರವ್ವನ ಮೇಳದಲ್ಲಿ ಅದನ್ನು ಬಾರಿಸುತ್ತಿದ್ದವನು ಈರಪ್ಪ.

ಈ ಮೇಳದ ಹಿಂದೆ ಮಲ್ಲು ನಡೆಯಲು ಕಲಿತ. ಆದರೆ ಬಾರಿಸಲು ಕಲಿತದ್ದು ವಿಜಯಪುರದ ಮದುವೆಗಳ ಬ್ಯಾಂಜೋ ಪಾರ್ಟಿಯಲ್ಲಿ. ಗುಂಡಿ ಒತ್ತಿ ತಂತಿ ನುಡಿಸುವ ಆ ಪೆಟ್ಟಿಗೆಯನ್ನು ಕೈಗಾಡಿಯ ಮೇಲೆ ಕಟ್ಟಿ, ಮುಂದೆ ಮದುಮಗನ ಕುದುರೆ, ಹಿಂದೆ ಜನರೇಟರು ಇಟ್ಟುಕೊಂಡು ಅವರು ಪೇಟೆಯನ್ನೆಲ್ಲ ಸುತ್ತುತ್ತಿದ್ದರು. ನಾನೂ ಸೇರಲು ಹೋಗಿದ್ದೆ. ತಾಳ ಕೊಟ್ಟರು. ಮೆರವಣಿಗೆ ಒಂದು ಓಣಿ ದಾಟುವುದರೊಳಗೆ ಕುದುರೆ ನನ್ನ ಕಡೆ ತಿರುಗಿ ನಿಂತಿತು. ತಾಳ ವಾಪಸು ತೆಗೆದುಕೊಂಡರು. ಆಮೇಲೆ ನಾನು ಪತ್ರಿಕೆ ಸೇರಿದೆ.

ದ್ರಾಕ್ಷಿ ಲಾರಿಯ ಡ್ರೈವರೊಬ್ಬ ಮುಂಬೈಯಿಂದ ಒಂದು ಕ್ಯಾಸೆಟ್ಟು ತಂದು ಮಲ್ಲುವಿನ ಅಪ್ಪನ ಅಂಗಡಿಯಲ್ಲಿ ಬಿಟ್ಟು ಹೋಗದಿದ್ದರೆ ಅವನು ಮದುವೆಯ ಕೈಗಾಡಿಯ ಜೊತೆಗೇ ಉಳಿಯುತ್ತಿದ್ದನೇನೋ. ಕ್ಯಾಸೆಟ್ಟಿಗೆ ಹೊದಿಕೆ ಇರಲಿಲ್ಲ, ಹೆಸರೂ ಇರಲಿಲ್ಲ. ಅದರಲ್ಲಿ ಇದ್ದದ್ದು ಅಮೆರಿಕದ ಹಳ್ಳಿಗರ ಹಾಡು. ಅದಕ್ಕೆ ಕಂಟ್ರಿ ಎನ್ನುತ್ತಾರೆಂದು ತಿಳಿದದ್ದು ಬಹಳ ಕಾಲದ ಮೇಲೆ. ಮಾತು ನಮಗೆ ಒಂದೂ ತಿಳಿಯಲಿಲ್ಲ. ಆದರೆ ಹಿಂದೆ ಒಂದು ಗಿಟಾರ್ ಸ್ವರದಿಂದ ಸ್ವರಕ್ಕೆ ಜಾರುತ್ತಿತ್ತು, ಸಾಲಿನ ಕೊನೆಗೆ ಬಾಗಿ ನರಳುತ್ತಿತ್ತು. ಮಲ್ಲು ಅದನ್ನು ತಿರುಗಿಸಿ ತಿರುಗಿಸಿ ಕೇಳಿದ. ಕೊನೆಗೆ ಹೇಳಿದ.

"ಲೇ, ಇದು ನಮ್ಮ ದೊಡ್ಡವ್ವನ ದನಿ."

ನಾನು ನಕ್ಕೆ. ಅವನು ನಗಲಿಲ್ಲ.

"ಹಿಂಗ ತುದಿಗೆ ಎಳಿಯೂದು ಆಕೀನ ಮತ್ತ. ಇವರೂ ದನಾ ಕಾಯೋ ಮಂದೀನ ಇರಬೇಕ ನೋಡು. ದನಾ ಕರದು ಕರದು ದನಿ ಹಿಂಗ ಬಾಗೈತಿ."

ಆ ಜಾರುವಿಕೆ ಬ್ಯಾಂಜೋದ ಗುಂಡಿಗೆ ಬಾರದು. ಅವನು ಗುಂಡಿಗಳನ್ನೆಲ್ಲ ಕಿತ್ತು ಹಾಕಿ, ಅಪ್ಪನ ಪಾನಾ ಸೆಟ್ಟಿನಿಂದ ನಟ್ ಬಿಚ್ಚುವ ಕೊಳವೆಯಂಥ ತುಂಡೊಂದನ್ನು ಬೆರಳಿಗೆ ಹಾಕಿಕೊಂಡು ತಂತಿಯ ಮೇಲೆ ಜಾರಿಸಿದ. ಹಂಗಾಮು ಮುಗಿದ ಮೇಲೆ ಖಾಲಿ ಬಿದ್ದಿರುತ್ತಿದ್ದ ಒಣದ್ರಾಕ್ಷಿ ಶೆಡ್ಡಿನಲ್ಲಿ ಕುಳಿತು ಅಭ್ಯಾಸ ನಡೆಯಿತು. ಮೇಲಿನಿಂದ ಕೆಳಗಿನವರೆಗೆ ಬಲೆಯ ಅಂತಸ್ತುಗಳು, ಅವುಗಳಲ್ಲಿ ಅಲ್ಲಲ್ಲಿ ಉಳಿದ ಒಣದ್ರಾಕ್ಷಿ. ಅವನು ಬಾರಿಸುತ್ತಿದ್ದ, ನಾನು ಹುಡುಕಿ ತಿನ್ನುತ್ತಿದ್ದೆ. ಅವನ ಕಲೆಯ ಮೊದಲ ಶ್ರೋತೃ ನಾನೆಂದು ಈಗ ಎಲ್ಲ ಕಡೆ ಹೇಳಿಕೊಳ್ಳುತ್ತೇನೆ. ದ್ರಾಕ್ಷಿಯ ವಿಷಯ ಹೇಳುವುದಿಲ್ಲ.

ಮುಂದಿನದು ದಾಖಲಾದ ಸಂಗತಿ. ಸೊಲ್ಲಾಪುರದಲ್ಲಿ ಕೊಂಡ ಹಳೆಯ ಗಿಟಾರ್ ಹಿಡಿದು ವಿಜಯಪುರದ ಆರ್ಕೆಸ್ಟ್ರಾ ಸೇರಿದ. ಅಲ್ಲಿಂದ ಪುಣೆಗೆ ಹೋದ. ಹೋಟೆಲುಗಳಲ್ಲಿ ಊಟ ಮಾಡುವವರ ಬೆನ್ನಿಗೆ ಬಾರಿಸಿದ. ಆಮೇಲೆ ಮೂವರು ಗೆಳೆಯರನ್ನು ಕೂಡಿಸಿಕೊಂಡು ಸ್ವಂತ ತಂಡ ಕಟ್ಟಿದ. ಡ್ರಮ್ಮಿನ ಹೊಡೆತ ರಾಕ್ ಸಂಗೀತದ್ದು, ಮಾತು ನಮ್ಮ ಕಡೆಯ ಕನ್ನಡ, ಗಿಟಾರು ಆ ಕ್ಯಾಸೆಟ್ಟಿನದೋ ದೊಡ್ಡವ್ವನದೋ ಹೇಳಲು ಬರುವುದಿಲ್ಲ. ಮುಂಬೈ, ಬೆಂಗಳೂರು, ಒಂದು ಸಲ ಹೊರದೇಶ. ಅವರ ಹಾಡಿನ ಮೊದಲ ಎರಡು ಸ್ವರ ಬಂದರೆ ಸಾಕು, ಭಾಷೆ ಬಾರದ ಹುಡುಗರೂ ಎದ್ದು ನಿಂತು ಹಾಡುವುದನ್ನು ಪುಣೆಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಅವನ ಬಗ್ಗೆ ನಾನು ಬರೆದ ಮೊದಲ ಸುದ್ದಿ ಮಾತ್ರ ಬಿತ್ತನೆ ಬೀಜದ ಜಾಹೀರಾತಿನ ಕೆಳಗೆ, ಫೋಟೋ ಇಲ್ಲದೆ ಪ್ರಕಟವಾಯಿತು. ಓಣಿಯವರು ಮಲ್ಲು ಬೀಜದ ಅಂಗಡಿ ಇಟ್ಟನೆಂದು ತಿಳಿದರು.

ಎಲ್ಲರೂ ಒಪ್ಪಿದರು, ಒಬ್ಬಳನ್ನು ಬಿಟ್ಟು.

ವರ್ಷಕ್ಕೊಮ್ಮೆ ಎಳ್ಳಮಾವಾಸ್ಯೆಗೆ ಮಲ್ಲು ಊರಿಗೆ ಬರುವುದು ತಪ್ಪಿಸಿಲ್ಲ. ಮೊದಲ ಸಲ ಎಲೆಕ್ಟ್ರಿಕ್ ಗಿಟಾರ್ ತಂದಾಗ ಗುರವ್ವ ಅದನ್ನು ಕೈಯಲ್ಲಿ ಎತ್ತಿ, ತಿರುಗಿಸಿ, ಬೆರಳಿನಿಂದ ಬಡಿದು ನೋಡಿದಳು. ಒಳಗೆ ಗಟ್ಟಿ ಕಟ್ಟಿಗೆ.

"ಇದಕ ಹೊಟ್ಟೀನ ಇಲ್ಲಲ್ಲೋ. ತುಂತುಣಿಗೆ ಹೊಟ್ಟಿ ಐತಿ, ದಪ್ಪಿಗೆ ಹೊಟ್ಟಿ ಐತಿ, ನನಗೂ ಐತಿ. ಹೊಟ್ಟಿ ಇಲ್ಲದ್ದು ಹಾಡತೈತೇನ?"

ಕರೆಂಟಿನಿಂದ ಹಾಡುತ್ತದೆ ಎಂದು ಮಲ್ಲು ವಿವರಿಸಿದ. ಕರೆಂಟು ಹೋದರೆ ಏನು ಮಾಡುತ್ತೀ ಎಂದು ಆಕೆ ಕೇಳಿದಳು. ನಮ್ಮ ಕಡೆ ಆ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲ. ಅಂದಿನಿಂದ ಆಕೆ ಅದಕ್ಕೆ ರೊಟ್ಟಿ ಬಡಿಯುವ ಹಲಗೆ ಎಂದೇ ಹೆಸರಿಟ್ಟಳು. ಮಲ್ಲುವಿನ ಹಾಡನ್ನು ಮೊಬೈಲಿನಲ್ಲಿ ಹಾಕಿದರೆ ಎದ್ದು ದನಕ್ಕೆ ನೀರು ಕುಡಿಸಲು ಹೋಗುತ್ತಿದ್ದಳು. ಇವನಿಗೆ ಬೇಕಾಗಿದ್ದದ್ದು ಒಂದೇ: ಆಕೆಯ ಮೇಳದಲ್ಲಿ, ಆಕೆಯ ಮಗ್ಗುಲಿಗೆ, ತನ್ನ ಗಿಟಾರ್ ಹಿಡಿದು ಒಮ್ಮೆ ಕೂಡಬೇಕು. ಪ್ರತಿ ವರ್ಷ ಕೇಳುತ್ತಿದ್ದ. ಮೇಳದಲ್ಲಿ ಜಾಗ ಇಲ್ಲ ಎನ್ನುತ್ತಿದ್ದಳು. ಸಾವಿರಾರು ಜನ ತನ್ನ ಹೆಸರು ಕೂಗಿದ ಮರುದಿನವೂ ಮಲ್ಲು ನನಗೆ ಫೋನು ಮಾಡಿ ಕೇಳುತ್ತಿದ್ದದ್ದು, ಪೇಪರಿನಲ್ಲಿ ಬಂದದ್ದನ್ನು ದೊಡ್ಡವ್ವನಿಗೆ ಓದಿ ಹೇಳಿದೆಯಾ, ಏನಂದಳು ಎಂದು. ಓದಿ ಹೇಳುತ್ತಿದ್ದೆ. ಆಕೆ ಏನೂ ಅನ್ನುತ್ತಿರಲಿಲ್ಲ. ಅದನ್ನೇ ವರದಿ ಮಾಡುತ್ತಿದ್ದೆ.

ಈ ಸಲ ಎಳ್ಳಮಾವಾಸ್ಯೆಯ ದಿನ ಎಲ್ಲರೂ ಹೊಲದಲ್ಲಿದ್ದೆವು. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಕಡಬು; ಇವುಗಳ ವಿಷಯದಲ್ಲಿ ನಾನು ವಸ್ತುನಿಷ್ಠನಲ್ಲ, ಆದ್ದರಿಂದ ಬಿಡುತ್ತೇನೆ. ಊಟಕ್ಕೆ ಮೊದಲು ಆ ಅಡುಗೆಯ ಎಡೆಯನ್ನು ಬೆಳೆಗೆ ಚರಗವೆಂದು ಚೆಲ್ಲುವುದು ಪದ್ಧತಿ. ಈರಪ್ಪ ಚರಗದವರ ಹಿಂದೆ ತುಂತುಣಿ ಬಾರಿಸುತ್ತ ಒಡ್ಡಿನ ಮೇಲೆ ನಡೆಯುತ್ತಿದ್ದವನು ಕಾಲು ಜಾರಿ ಬಿದ್ದ. ಮಣಿಕಟ್ಟು ಉಳುಕಿತು. ಬಿದ್ದದ್ದು ತುಂತುಣಿಯ ಮೇಲೆ. ಅದು ಎರಡು ಹೋಳಾಯಿತು.

ಮರುದಿನವೇ ಬಬಲೇಶ್ವರದಲ್ಲಿ ಸವಾಲು. ಎದುರಿಗೆ ಹರದೇಶಿ ಕಡೆಯಿಂದ ಮಮದಾಪುರದ ಹಣಮಂತಪ್ಪನವರ ಮೇಳ. ತುಂತುಣಿ ಇಲ್ಲದ ಮೇಳ ಸವಾಲಿಗೆ ನಿಲ್ಲುವಂತಿಲ್ಲ; ನಿಲ್ಲದಿದ್ದರೆ ಹಾಡದೆಯೇ ಸೋತಂತೆ. ಬೇರೆ ಮೇಳದಿಂದ ಒಂದನ್ನು ತರೋಣ ಎಂದು ಯಾರೋ ಅಂದರು. ಎರವಲು ತುಂತುಣಿಯ ಮೇಲೆ ಹಾಡುವುದೂ ಎರವಲು ಬಾಯಲ್ಲಿ ಉಣ್ಣುವುದೂ ಒಂದೇ ಎಂದು ಗುರವ್ವ ತಳ್ಳಿಹಾಕಿದಳು. ಕೊನೆಗೆ ಮಲ್ಲುವಿನ ಕಡೆ ನೋಡದೆಯೇ ಹೇಳಿದಳು.

"ಆ ಹಲಗಿ ತಗೊಂಡ ಬಾ. ಬ್ಯಾರೆ ಗತಿ ಇಲ್ಲಂತ ಕರಿಯಾಕತ್ತೇನಿ. ಹಿಗ್ಗಬ್ಯಾಡ."

ಅವನು ಹಿಗ್ಗಿದ. ಅಲ್ಲಿದ್ದ ನಾವೆಲ್ಲ ನೋಡಿದೆವು.

ಮರುದಿನ ಸಂತೆ ಬಯಲಿನ ತಾಡಪತ್ರಿಯ ನೆರಳಲ್ಲಿ ಜನರೇಟರಿಗೆ ಜೋಡಿಸಿದ ಗಿಟಾರ್ ಕಾಣಿಸಿದ ಕೂಡಲೇ ಹರದೇಶಿಯವರು ತಕರಾರು ತೆಗೆದರು. ಸವಾಲಿನ ಹಿರಿಯರಾಗಿ ಕುಳಿತಿದ್ದವರು ಊರಿನ ಕಾಳಿನ ಅಡತಿ ಅಂಗಡಿಯ ಸಾಹುಕಾರರು. ಅವರು ಗಿಟಾರನ್ನು ಜೋಳದ ಮಾಲು ನೋಡುವಂತೆ ನೋಡಿ, ತುಂತುಣಿಗೆ ಎಷ್ಟು ತಂತಿ ಎಂದು ಕೇಳಿದರು. ಒಂದು ಎಂದರು ಎಲ್ಲರೂ.

"ಹಂಗಾದ್ರ ಇದಕೂ ಒಂದ ಇರಲಿ. ಉಳಿದ ಐದ ಬಿಚ್ಚಿ ಇಡ್ರಿ."

ದೇಶ ಸುತ್ತಿದ ಗಿಟಾರಿನ ಐದು ತಂತಿಗಳನ್ನು ಮಲ್ಲು ಅಲ್ಲೇ ಕುಳಿತು ಬಿಚ್ಚಿ, ಸುತ್ತಿ, ಜೇಬಿಗೆ ಹಾಕಿಕೊಂಡ. ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ ಈರಪ್ಪ ಪಕ್ಕಕ್ಕೆ ಸರಿದು ಪಾಠ ಹೇಳಿದ. ಹಾರಾಡಬೇಡ, ತುಂತುಣಿ ಎಂದರೆ ಎತ್ತಿನ ಕೊರಳ ಗಂಟೆ; ಎತ್ತು ನಡೆದಷ್ಟೇ ಅದು ನುಡಿಯಬೇಕು, ಗಂಟೆ ಎತ್ತನ್ನು ನಡೆಸಬಾರದು ಎಂದ. ಮಲ್ಲು ತಲೆಯಾಡಿಸಿದ. ಮೊದಲ ಪದಗಳಲ್ಲಿ ಹಾಗೆಯೇ ಬಾರಿಸಿದ. ಬೆಳಗಿನಿಂದ ಮಧ್ಯಾಹ್ನದವರೆಗೆ ಯಾರಿಗೂ ಹೆಚ್ಚು ಕಡಿಮೆ ಇಲ್ಲದೆ ಸವಾಲು ನಡೆಯಿತು. ಜನ ಗಿಟಾರ್ ಇರುವುದನ್ನೇ ಮರೆತರು. ಈರಪ್ಪನ ದೃಷ್ಟಿಯಲ್ಲಿ ಅದೇ ದೊಡ್ಡ ಪ್ರಶಸ್ತಿ.

ಊಟ ಮುಗಿಸಿ ಮತ್ತೆ ಕುಳಿತಾಗ ಹಣಮಂತಪ್ಪನವರು ತಮ್ಮ ಗಟ್ಟಿ ಪದ ಎತ್ತಿದರು. ಬಿತ್ತುವ ಬೀಜ ಇಲ್ಲದಿದ್ದರೆ ಎಂಥ ಎರೆಮಣ್ಣಾದರೇನು, ಭೂಮಿ ಬರೀ ಬಯಲಲ್ಲವೇ ಎಂಬುದು ಪ್ರಶ್ನೆ. ಒಳ್ಳೆಯ ದನಿ ಅವರದು. ಏರುತ್ತ ಹೋದ ಆ ಸಾಲು ತುದಿಯಲ್ಲಿ ಸ್ವಲ್ಪ ಸಡಿಲಾಯಿತು. ಅಷ್ಟರಲ್ಲಿ ನಮ್ಮ ಕಡೆಯಿಂದ ಒಂದು ತಂತಿಯ ದನಿ ಜಾರಿ ಹೋಗಿ, ಅದನ್ನು ಕೆಳಗಿನಿಂದ ಎತ್ತಿ ಹಿಡಿದು, ತುದಿ ಮುಟ್ಟಿಸಿ ಬಿಟ್ಟಿತು.

ಬಯಲಿನಲ್ಲಿದ್ದವರೆಲ್ಲ ಮಲ್ಲುವಿನ ಕಡೆ ತಿರುಗಿದರು. ನಮ್ಮ ಕಡೆ ಇರುವ ಕಟ್ಟು ಇದು: ಎದುರಿನವರು ಹಾಡುವಾಗ ನಮ್ಮ ವಾದ್ಯ ಮುಟ್ಟಬಾರದು. ಮುಟ್ಟಿದರೆ ಅವರ ಮಾತನ್ನು ಒಪ್ಪಿದಂತೆ. ಮಲ್ಲುವಿಗೆ ಇದು ತಿಳಿಯದ ವಿಷಯವಲ್ಲ. ಆ ಮೇಳದ ಮಡಿಲಲ್ಲೇ ಬೆಳೆದವನು. ಆದರೆ ಇಷ್ಟು ವರ್ಷ ನಾಲ್ವರ ತಂಡದಲ್ಲಿ ಒಬ್ಬ ತೂಗಾಡಿದರೆ ಇನ್ನೊಬ್ಬ ಹಿಡಿಯುವುದೇ ಅವನ ಕಸುಬು. ತಲೆಗೆ ಗೊತ್ತಿದ್ದದ್ದನ್ನು ಕೈ ಕೇಳಲಿಲ್ಲ. ಅವನು ಗಿಟಾರಿನ ಮೇಲಿಂದ ಕೈ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ.

ಹಣಮಂತಪ್ಪನವರು ದಪ್ಪು ನಿಲ್ಲಿಸಿದರು. ದನಿಯಲ್ಲಿ ಗೆದ್ದವರ ಸಮಾಧಾನ.

"ಗುರವ್ವಕ್ಕಾ, ನಿನ್ನ ಹುಡುಗ ನಮ್ಮ ಪದಕ ತಂತಿ ಕೂಡಿಸ್ಯಾನ. ಹಂಗಂದ್ರ ಮಾತ ಒಪ್ಪಿದಂಗ ಆತಲ್ಲ. ಇನ್ನೇನ ಹಾಡೂದೈತಿ?"

ಸಾಹುಕಾರರು ಗುರವ್ವನ ಕಡೆ ನೋಡಿದರು. ಆಕೆ ತಂಬಿಗೆಯಿಂದ ನೀರು ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಲ್ಲುವನ್ನು ಒಮ್ಮೆ ನೋಡಿದಳು. ಬೈಯುವ ನೋಟವೋ ಬೇರೆಯೋ ಎಂದು ನಾನು ಕುಳಿತಲ್ಲಿಂದ ಹೇಳಲಾರೆ. ಆಮೇಲೆ ದಪ್ಪು ಎತ್ತಿದಳು. ಅಲ್ಲಿಯೇ ಕಟ್ಟಿದ ಪದ ಅದು. ನಾನು ಬರೆದುಕೊಂಡದ್ದು ಇಷ್ಟು.

ಅಳುವ ಕೂಸಿನ ಕುಲವ ಕೇಳ್ಯಾಳೇನೋ ತಾಯಿ,
ತೊಟ್ಟಿಲ ತೂಗೂದು ಸೋಲೇನೋ ಜಾಣಾ,
ಅತ್ತ ಬಾಯಿ ದೊಡ್ಡದೋ, ತೂಗಿದ ಕೈ ದೊಡ್ಡದೋ,
ತಿಳದಾಂವ ನೀನಿದ್ರ ಹೇಳೋ ಜಾಣಾ.

ಮೊದಲು ನಕ್ಕವರು ಹೆಂಗಸರು. ಆಮೇಲೆ ಬಯಲೇ ನಕ್ಕಿತು. ನಿಮ್ಮ ಪದ ತುದಿಯಲ್ಲಿ ಅಳುತ್ತಿತ್ತು, ಯಾರದೆಂದು ನೋಡದೆ ನಾವು ತೂಗಿದೆವು, ತೂಗುವವಳೇ ಶಕ್ತಿ ಎಂದು ಆಕೆ ಮುಂದಿನ ನುಡಿಯಲ್ಲಿ ಬಿಡಿಸಿ ಹೇಳಿದಳು. ಇಡೀ ದಿನದ ಜಗಳದ ಉತ್ತರ ಎದುರಿನವರ ತಕರಾರಿನಿಂದಲೇ ಹುಟ್ಟಿತು. ಹಣಮಂತಪ್ಪನವರು ತಮ್ಮ ದಪ್ಪನ್ನು ಕೆಳಗಿಟ್ಟರು.

ನಿಜವಾದ ಸುದ್ದಿ ನಡೆದದ್ದು ಇದಾದ ಮೇಲೆ. ಮೂರನೆಯ ನುಡಿಯ ಕೊನೆಗೆ ಬಂದಾಗ ಗುರವ್ವ ಸಾಲನ್ನು ಏರಿಸಿ, ತುದಿಯನ್ನು ಹಾಡದೆ ಬಿಟ್ಟಳು. ಹಿಂದಿನವರು ಎತ್ತಿಕೊಳ್ಳಲು ಬಾಯಿ ತೆರೆದರು. ಆಕೆ ಕೈ ಅಡ್ಡ ಹಿಡಿದು ತಡೆದಳು. ಮಲ್ಲುವಿನ ಕಡೆ ಗದ್ದ ಎತ್ತಿದಳು. ಅವನಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಬೆರಳಿಗೆ ಕೊಳವೆ ಏರಿಸಿ, ಆ ಒಂದೇ ತಂತಿಯನ್ನು ಎಳೆದು, ದೊಡ್ಡವ್ವ ಬಾಗಿಸುವ ಹಾಗೆಯೇ ಬಾಗಿಸಿ, ಸಾಲು ಮುಗಿಸಿದ. ಆಕೆ ಮುಂದಿನ ಸಾಲಿನ ತುದಿಯನ್ನೂ ಬಿಟ್ಟಳು. ಅವನು ಅದನ್ನೂ ಮುಗಿಸಿದ. ಬಿಡುತ್ತ ಹೋದಳು, ಮುಗಿಸುತ್ತ ಹೋದ. ಈರಪ್ಪ ಉಳುಕಿದ ಕೈಯನ್ನು ಮರೆತು ತೊಡೆ ತಟ್ಟಿ, ಆಮೇಲೆ ನೋವಿಗೆ ನರಳಿದ. ಪತ್ರಕರ್ತನಾಗಿ ನಾನು ಸಭೆಗಳಲ್ಲಿ ಚಪ್ಪಾಳೆ ಹೊಡೆಯುವುದಿಲ್ಲ. ಅಂದು ಪೆನ್ನು ಎಲ್ಲಿ ಬಿತ್ತೋ ಇನ್ನೂ ಸಿಕ್ಕಿಲ್ಲ.

ಸಂಜೆಯಾಗುವ ಮೊದಲೇ ಸಾಹುಕಾರರು ಗುರವ್ವನ ಮೇಳ ಗೆದ್ದಿತೆಂದು ಸಾರಿದರು. ಮೊದಲು ಎದ್ದು ಬಂದು ಗುಲಾಲು ಹಾಕಿದವರು ಹಣಮಂತಪ್ಪನವರೇ. ಮಲ್ಲುವಿಗೆ ಹಾಕುವಾಗ ಸ್ವಲ್ಪ ಹೆಚ್ಚಿಗೆ ಹಾಕಿದರು; ಗಿಟಾರೂ ಕೆಂಪಾಯಿತು.

ತಿಕೋಟಾಕ್ಕೆ ಹಿಂತಿರುಗುವಾಗ ಜೀಪಿನಲ್ಲಿ ನಾವು ಒತ್ತಿಕೊಂಡು ಕುಳಿತಿದ್ದೆವು. ಹಾಡಿ ದಣಿದವರು ನಿದ್ದೆ ಹೋಗಿದ್ದರು. ಇಷ್ಟು ವರ್ಷ ಕೇಳಿದ್ದನ್ನು ಮಲ್ಲು ಮತ್ತೆ ಕೇಳಿದ.

"ದೊಡ್ಡವ್ವ, ಈಗರೆ ಹೇಳು. ಇದು ಹಾಡತೈತೋ ಇಲ್ಲೋ?"

ಗುರವ್ವ ಕಣ್ಣು ತೆರೆಯಲಿಲ್ಲ.

"ನಾ ಕೇಳಿದ್ದ ಒಂದ ತಂತಿ. ಉಳಿದ ಐದ ನಿನ್ನ ಕಿಸೆದಾಗ ಅದಾವ. ಕೇಳದ ಹೆಂಗ ಹೇಳಲಿ?"

ಮಲ್ಲು ನನ್ನ ಕಡೆ ನೋಡಿದ. ಇದನ್ನು ಬರೆದುಕೊಂಡೆಯಾ ಎಂದು ಕೇಳಿದ. ಪೆನ್ನು ಇರಲಿಲ್ಲ ಎಂದೆ.

ಕಳೆದ ಶನಿವಾರ ವಿಜಯಪುರದ ಕಾಲೇಜೊಂದರ ಮೈದಾನದಲ್ಲಿ ಮಲ್ಲುವಿನ ತಂಡದ ಕಾರ್ಯಕ್ರಮ ನಡೆಯಿತು. ತಂಡ ಈ ಊರಿನಲ್ಲಿ ಹಾಡಿದ್ದು ಇದೇ ಮೊದಲು. ಇಟ್ಟಂಗಿಹಾಳದ ಕಡೆಯಿಂದಲೂ ಜನ ಟ್ರ್ಯಾಕ್ಟರುಗಳಲ್ಲಿ ಬಂದಿದ್ದರು. ಕುರ್ಚಿ ಸಾಲದೆ ನೆಲದ ಮೇಲೆ ಕುಳಿತರು. ಗುರವ್ವ ಮುಂದಿನ ಸಾಲಿನಲ್ಲಿ, ಈರಪ್ಪನ ಪಕ್ಕದಲ್ಲಿ ಕುಳಿತು ಮೊದಲ ಎರಡು ಹಾಡನ್ನು ಆರೂ ತಂತಿಯ ಸಮೇತ ಕೇಳಿದಳು. ಮೂರನೆಯ ಹಾಡಿಗೆ ಎದ್ದು ವೇದಿಕೆಯ ಮೆಟ್ಟಿಲು ಹತ್ತಿದಳು. ಡ್ರಮ್ ಬಾರಿಸುವ ಹುಡುಗನಿಗೆ ಸ್ವಲ್ಪ ಮೆಲ್ಲಗೆ ಹೊಡೆಯಲು ಕೈಸನ್ನೆ ಮಾಡಿದಳು. ಮಲ್ಲುವಿನ ಎಡಗಡೆಗೆ ನಿಂತು ಹಾಡಿದಳು. ಕಾರ್ಯಕ್ರಮ ಮುಗಿಯುವವರೆಗೆ ಕೆಳಗೆ ಇಳಿಯಲಿಲ್ಲ.